ಬೆಲ್ಲಿನ ತಂತಿ

ಜೂನ್ 4

ಇಣಚಿ,

ಪತ್ರದ ಮೊದಲ ಸಾಲಿನಲ್ಲಿ ‘ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ’ ಅಂತ ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಬರೆದೆ ಅಂದುಕೋ.

ನೀನು ನಮ್ಮ ಹೊಲಿಗೆ ಅಂಗಡಿಗೆ ಮೂರು ಸಲ ಫೋನ್ ಮಾಡಿದ್ದೆಯಂತೆ, ಅಂಗಡಿಯ ಯಜಮಾನರು ಹೇಳಿದರು. ನನ್ನ ಫೋನನ್ನು ಬಂದ್ ಮಾಡಿ ಅಲಮಾರಿಯಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದೇನೆ. ಯಾವ ಗಂಟೆಯ ಸದ್ದೂ ಈಗ ನನಗೆ ಆಗುವುದಿಲ್ಲ. ಅದಕ್ಕೇ ಕಾಗದ.

ಹಾಳೆಯ ಮೇಲೆ ಅಚ್ಚಾದ ತಾರೀಖು ನೋಡಿ ಗಾಬರಿಯಾಗಬೇಡ. ಇದು ನಿನ್ನ ಭಾವನ ಡೈರಿ. ಯಾವ ಕಟ್ಟಡದ ಯಾವ ಲಿಫ್ಟ್ ಕೆಟ್ಟಿದೆ, ಯಾವುದಕ್ಕೆ ಹಗ್ಗ ಬದಲಾಯಿಸಬೇಕು, ಎಲ್ಲ ಇದರಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಮಾರ್ಚ್ ಒಂಬತ್ತರವರೆಗೆ ತುಂಬಿದೆ. ಆಮೇಲೆ ಖಾಲಿ. ಆ ಖಾಲಿ ಹಾಳೆಗಳಲ್ಲಿ ನಾನು ದಿನಾ ಒಂದೆರಡು ಸಾಲು ಗೀಚುತ್ತೇನೆ. ನಿನಗಾಗಿ ಒಂದನ್ನು ಹರಿದೆ. ಮಾರ್ಚ್ ಹತ್ತನ್ನು ಮಾತ್ರ ಮುಟ್ಟಲಿಲ್ಲ.

ಬಾಗಿಲ ಬೆಲ್ಲನ್ನು ಅವರೇ ಕೂರಿಸಿದ್ದು ನಿನಗೆ ಗೊತ್ತಿದೆ. ಕೆಲಸದಿಂದ ಬಂದರೆ ಎರಡು ಸಲ, ಗಿಡ್ಡಗೆ ಒತ್ತುತ್ತಿದ್ದರು. ಬೀಗದ ಕೈ ಜೇಬಿನಲ್ಲಿದ್ದರೂ ಒತ್ತುತ್ತಿದ್ದರು. ಹತ್ತನೇ ತಾರೀಖು ಮಧ್ಯಾಹ್ನ ಬೆಲ್ ಒಂದೇ ಸಲ, ಉದ್ದಕ್ಕೆ ಹೊಡೆದುಕೊಂಡಿತು. ತೆಗೆದರೆ ಅವರ ಜೊತೆ ಕೆಲಸ ಮಾಡುವ ಇಬ್ಬರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಎದೆ ಹಿಡಿದುಕೊಂಡು ಏಣಿಯ ಬುಡದಲ್ಲಿ ಕೂತವರು ಮತ್ತೆ ಏಳಲಿಲ್ಲ ಅಂದರು. ಹದಿಮೂರು ದಿನ ಕಳೆದ ಮೇಲೆ ಕುರ್ಚಿ ಹತ್ತಿ ಬೆಲ್ಲಿನ ತಂತಿ ಕಿತ್ತುಹಾಕಿದೆ. ಈಗ ಬಂದವರು ಬಾಗಿಲು ತಟ್ಟುತ್ತಾರೆ. ತೆಗೆಯಬೇಕು ಅನ್ನಿಸಿದರೆ ತೆಗೆಯುತ್ತೇನೆ.

ಡಾಕ್ಟರು ಇದಕ್ಕೆ ಖಿನ್ನತೆ ಅಂತ ಹೆಸರಿಟ್ಟು ಒಂದು ಮಾತ್ರೆ ಕೊಟ್ಟಿದ್ದಾರೆ. ‘ಮೂರು ವಾರ ಬೇಕು’ ಅಂದರು. ಏನಕ್ಕೆ ಬೇಕು ಅಂತ ಕೇಳುವಷ್ಟರಲ್ಲಿ ಮುಂದಿನವರನ್ನು ಕರೆದರು. ನೀನು ದುಃಖದ ಇಲಿಗಳನ್ನು ಸಾಕುವ ಲ್ಯಾಬಿನಲ್ಲಿ ಇದ್ದೀಯಲ್ಲ, ಈ ಮಾತ್ರೆ ತಲೆಯೊಳಗೆ ಹೋಗಿ ಏನು ಮಾಡುತ್ತದೆ, ಬರೆ.

ಮಾರ್ಚಿನಲ್ಲಿ ನಿನಗೆ ರಜೆ ಸಿಗಲಿಲ್ಲ. ಇಲಿಗಳನ್ನು ಬಿಟ್ಟು ಬರುವ ಹಾಗಿಲ್ಲ ಅಂದೆ. ಇರಲಿ.

ಅಕ್ಕ

ಜೂನ್ 15

ಅಕ್ಕನಿಗೆ,

ನಿನ್ನ ಕೈಬರಹ ನೋಡಿ ಎಷ್ಟು ದಿನವಾಗಿತ್ತು. ‘ಳ’ವನ್ನು ಇನ್ನೂ ಬಾಲ ಸುತ್ತಿಕೊಂಡ ಬೆಕ್ಕಿನ ಹಾಗೇ ಬರೆಯುತ್ತೀಯ. ಮಾರ್ಚಿನ ವಿಷಯಕ್ಕೆ ಏನು ಬರೆದರೂ ಸಾಲದು. ತಪ್ಪಾಯಿತು.

ನಾನು ಕಲಿತವನಲ್ಲ, ಪಂಜರ ತೊಳೆಯುವವನು. ಲ್ಯಾಬಿನ ಮೇಡಂ ಹುಡುಗರಿಗೆ ಪಾಠ ಹೇಳುವಾಗ ಕಿವಿಗೆ ಬಿದ್ದದ್ದನ್ನು ಬರೆಯುತ್ತೇನೆ.

ನನ್ನ ಕೋಣೆಯಲ್ಲಿ ಕಿಟಕಿ ಇಲ್ಲ, ತೊಂಬತ್ತಾರು ಪಂಜರ ಇವೆ. ಒಂದೊಂದಕ್ಕೂ ಎರಡು ಬಾಟಲಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ಬೆಳಿಗ್ಗೆ ಎರಡನ್ನೂ ತೂಗಿ ಬರೆಯುವುದು ನನ್ನ ಕೆಲಸ. ಸರಿಯಾಗಿರುವ ಇಲಿ ಸಕ್ಕರೆ ಬಾಟಲಿಗೆ ಜೋತುಬೀಳುತ್ತದೆ. ಕೆಲವು ವಾರ ಕಾಟ ತಿಂದ ಇಲಿಗೆ ಎರಡೂ ಒಂದೇ. ಕಾಟ ಕೊಡುವವನೂ ನಾನೇ ಅಕ್ಕ. ಮೇಡಂ ಬರೆದುಕೊಟ್ಟ ಪಟ್ಟಿಯಂತೆ ಒಂದು ದಿನ ಮರದ ಹೊಟ್ಟಿನ ಹಾಸನ್ನು ಒದ್ದೆ ಮಾಡುತ್ತೇನೆ, ಒಂದು ದಿನ ಪಂಜರವನ್ನು ಓರೆಯಾಗಿ ನಿಲ್ಲಿಸುತ್ತೇನೆ. ಯಾವ ದಿನ ಏನು ಅಂತ ಇಲಿಗೆ ಗೊತ್ತಾಗಬಾರದು. ಅದೇ ಮುಖ್ಯ.

ಈಗ ಮಜಾ ಕೇಳು. ನಮ್ಮ ಮಿದುಳು ಗಾಂಜಾದ ಜಾತಿಗೆ ಹತ್ತಿರದ ವಸ್ತುವನ್ನು ತಾನೇ ಮಾಡಿಕೊಳ್ಳುತ್ತದಂತೆ. ಆ ಕುಲಕ್ಕೆ ಎಂಡೋಕ್ಯಾನಬಿನಾಯ್ಡ್ ಅಂತ ಹೆಸರು. ನಾಲಿಗೆಗೆ ಹತ್ತಿಸಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು. ಆದರೆ ಅದರಲ್ಲಿ ಒಂದರ ಹೆಸರು ಆನಂದಮೈಡ್. ನಾವು ಆಡುವ ‘ಆನಂದ’ವೇ. ಕಂಡುಹಿಡಿದವರು ಬೇಕಂತಲೇ ಆ ಪದ ತೆಗೆದು ಅಂಟಿಸಿದ್ದಾರಂತೆ.

ಮಿದುಳಿನಲ್ಲಿ ಒಂದು ಜೀವಕೋಶ ಪಕ್ಕದ್ದಕ್ಕೆ ಸುದ್ದಿ ಕಳಿಸುತ್ತಿರುತ್ತದೆ. ಈ ಆನಂದದ ವಸ್ತು ಮಾತ್ರ ಉಲ್ಟಾ ದಿಕ್ಕಿಗೆ ಹೋಗುತ್ತದೆ. ಸುದ್ದಿ ಪಡೆದವನು ಕಳಿಸಿದವನಿಗೆ ಬರೆಯುವ ಮಾರೋಲೆ, ಮರುಪತ್ರ ಅಂದುಕೋ: ‘ತಲುಪಿತು, ಸಾಕು, ಸ್ವಲ್ಪ ನಿಲ್ಲಿಸು.’ ಕಳಿಸಿದವನ ಬಾಗಿಲಲ್ಲಿ ಆ ಕಾಗದ ತೂರಲು ಒಂದು ಸಂದು ಇರುತ್ತದೆ. ಕಾಗದವನ್ನು ಮೊದಲೇ ಬರೆದು ಇಟ್ಟುಕೊಳ್ಳುವುದಿಲ್ಲ. ಬೇಕಾದಾಗ ಬರೆಯುವುದು, ಓದಿದ ಕೂಡಲೇ ಹರಿದುಹಾಕುವುದು. ಕಾಟ ತಿಂದ ಇಲಿಗಳಲ್ಲಿ ಈ ಮಾರೋಲೆ ಕಡಿಮೆಯಾಗುತ್ತದಂತೆ. ಹೆದರಿಕೆಯ ಸುದ್ದಿ ಬರುತ್ತಲೇ ಇರುತ್ತದೆ, ಸಾಕು ಅನ್ನುವವರೇ ಇಲ್ಲ.

ನಿನ್ನ ಮಾತ್ರೆ ಮುಖ್ಯವಾಗಿ ಕೈ ಹಾಕುವುದು ಬೇರೆ ವಸ್ತುವಿಗೆ. ಆದರೆ ಅದನ್ನು ಕೆಲವು ವಾರ ಕೊಟ್ಟರೆ ಈ ಸಂದುಗಳೂ ಹೆಚ್ಚುತ್ತವೆಯೇ ಅಂತ ಮೇಡಂ ನೋಡುತ್ತಿದ್ದಾರೆ. ಮಿದುಳಿನ ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ. ‘ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯನ ತಲೆಗೆ ಕಟ್ಟಬೇಡಿ’ ಅಂತ ಅವರೇ ಗದರುತ್ತಾರೆ. ನೀನು ಮಾತ್ರ ಬಿಡದೆ ತೆಗೆದುಕೋ. ಮೊದಲು ಬಾಯಿ ಒಣಗುತ್ತದೆ, ಬೆಳಿಗ್ಗೆ ತಲೆಯೊಳಗೆ ಹತ್ತಿ ತುಂಬಿದ ಹಾಗಿರುತ್ತದೆ. ಆಮೇಲೆ ಹೋಗುತ್ತದೆ.

ನಿನ್ನ ಇಣಚಿ

ಜೂನ್ 24

ಇಣಚಿ,

ಬಾಯಿ ಒಣಗುತ್ತದೆ ಅಂತ ನಿನಗೆ ಯಾರು ಹೇಳಿದರು, ಇಲಿಯೇ? ಆದರೆ ಸರಿಯಾಗಿ ಹೇಳಿದೆ. ಹತ್ತಿಯೂ ನಿಜ.

ನಿನ್ನ ಕಾಗದವನ್ನು ಕೆಳಗಿನ ಮನೆಯ ಗಣಿತದ ಟೀಚರಿಗೆ ಓದಿ ಹೇಳಿದೆ. ಸಂಜೆ ಶಾಲೆಯಿಂದ ಬರುವಾಗ ನನ್ನ ಬಾಗಿಲು ತಟ್ಟಿ ಐದು ನಿಮಿಷ ಕೂತು ಹೋಗುತ್ತಾರೆ. ನಕ್ಕೂ ನಕ್ಕೂ ಸುಸ್ತಾದರು. “ಅಲ್ಲಾರೀ, ತಲೆಯೊಳಗೇ ಗಾಂಜಾ ತಯಾರಾಗುತ್ತೆ ಅಂದ್ರೆ ಪೊಲೀಸ್ನೋರು ಮೊದಲು ನನ್ನ ಕ್ಲಾಸಿಗೇ ಬರಬೇಕು. ಹಿಂದಿನ ಬೆಂಚಿನೋರೆಲ್ಲ ಹನ್ನೊಂದು ಗಂಟೆಗೇ ಆನಂದದಲ್ಲಿರ್ತಾರೆ!” ಅಂದರು. ಆಮೇಲೆ, “ಹಾಗಾದ್ರೆ ಹೊರಗಿನದನ್ನೇ ಸೇದಿಬಿಟ್ರೆ ಆಗಲ್ವಾ? ನಿಮ್ಮ ತಮ್ಮನ್ನ ಕೇಳಿ ನೋಡಿ” ಅಂದರು. ಕೇಳಿದ್ದೇನೆ.

ಆ ದಿನ ಅವರಿಗೆ ಟೀ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು.

“ಸಕ್ಕರೆ ಬಿಟ್ಟುಬಿಟ್ರಾ?”

“ಹಾಕಿಲ್ವಾ?”

ನನ್ನ ಲೋಟ ಖಾಲಿಯಾಗಿತ್ತು. ನಿನ್ನ ಬಾಟಲಿಗಳು ನೆನಪಾದವು.

ಹೋದ ವಾರ ಒಬ್ಬರು ಹೊಸ ಪ್ಯಾಂಟನ್ನು ಗಿಡ್ಡ ಮಾಡಲು ಕೊಟ್ಟಿದ್ದರು. ಚೀಟಿ ನೋಡದೆ ನಿನ್ನ ಭಾವನ ಅಳತೆಗೆ ಕತ್ತರಿಸಿಬಿಟ್ಟೆ. ಕಾಲು ಕಾಣುತ್ತಿತ್ತು, ಪಾಪ. ಅಂಗಡಿಯ ಯಜಮಾನರು ತಾವೇ ಅವರ ಹತ್ತಿರ ಕ್ಷಮೆ ಕೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ನನ್ನ ಕೈಗಾದರೂ ಅವರು ಇನ್ನೂ ನೆನಪಿದ್ದಾರೆ, ನೋಡು.

ಅಕ್ಕ

ಜುಲೈ 6

ಅಕ್ಕನಿಗೆ,

ಟೀಚರ್ ಪ್ರಶ್ನೆಯನ್ನು ಮೇಡಂ ಮುಂದಿಟ್ಟೆ. ನಗಲಿಲ್ಲ. ಮಾರೋಲೆ ಹೋಗಬೇಕಾದದ್ದು ಒಂದು ಬಾಗಿಲಿಗೆ, ಬೇಕಾದ ಗಳಿಗೆಯಲ್ಲಿ. ಹೊಗೆ ಊರಿನ ಬಾಗಿಲುಗಳಿಗೆಲ್ಲ ಒಂದೇ ಸಲ ಕಾಗದ ಸುರಿಯುತ್ತದೆ. ದಿನಾ ಸುರಿದರೆ ಬಾಗಿಲುಗಳು ಸಂದನ್ನೇ ಮುಚ್ಚಿಕೊಳ್ಳುತ್ತವಂತೆ. ಆಮೇಲೆ ಸ್ವಂತದ ಕಾಗದವೂ ಒಳಗೆ ಹೋಗುವುದಿಲ್ಲ. ಟೀಚರಿಗೆ ಹೇಳು, ಬೇಡವೇ ಬೇಡ.

ಉಲ್ಟಾದ ಕಥೆಯೂ ಇದೆ. ಹಿಂದೆ ಹಸಿವು ಕಡಿಮೆ ಮಾಡಿ ಮೈ ಇಳಿಸಲು ಒಂದು ಮಾತ್ರೆ ಬಂದಿತ್ತಂತೆ. ಅದು ಈ ಸಂದುಗಳನ್ನೇ ಮುಚ್ಚುವ ಮಾತ್ರೆ. ಮೈಯೇನೋ ಇಳಿಯಿತು. ಆದರೆ ಅದನ್ನು ನುಂಗಿದವರಲ್ಲಿ ಹಲವರ ಮನಸ್ಸು ಕುಸಿಯಿತು, ಜೀವ ಬೇಡ ಅನ್ನುವಷ್ಟಕ್ಕೂ ಹೋದವರಿದ್ದರು. ಮಾರುಕಟ್ಟೆಯಿಂದ ವಾಪಸ್ ತೆಗೆದರು. ಇಲಿಯ ಮಾತು ಬರೀ ಇಲಿಯ ಮಾತಲ್ಲ ಅಂತ ಆಗ ಗೊತ್ತಾಯಿತಂತೆ.

ನಿನಗೆ ಹೇಳಬೇಕೆಂದುಕೊಂಡದ್ದು ಇನ್ನೊಂದಿದೆ. ಪಕ್ಕದ ಕೋಣೆಯಲ್ಲಿ ಸುಂಡಿಲಿಗಳಿಗೆ ಗಂಟೆ ಬಾರಿಸಿ, ಅದರ ಹಿಂದೆಯೇ ಕಾಲಿಗೆ ಸಣ್ಣ ಶಾಕ್ ಕೊಡುತ್ತಾರೆ. ಆಮೇಲೆ ಗಂಟೆ ಕೇಳಿದರೆ ಸಾಕು, ಇಲಿ ಕಲ್ಲಾಗಿಬಿಡುತ್ತದೆ. ನಿನ್ನ ಬೆಲ್ ನೆನಪಾಯಿತು. ಮುಂದೆ ಬೇರೆ ಪಂಜರದಲ್ಲಿ ದಿನಾ ಬರೀ ಗಂಟೆ, ಶಾಕ್ ಇಲ್ಲ. ನಾಲ್ಕೈದು ದಿನಕ್ಕೆ ಗಂಟೆ ಬಾರಿಸಿದರೂ ಇಲಿ ಕಿವಿ ಕೆರೆದುಕೊಳ್ಳುತ್ತ ಕೂರುತ್ತದೆ. ಆದರೆ ಆ ಸಂದು ಮುಚ್ಚಿದ ಇಲಿ ಮಾತ್ರ ಎಷ್ಟು ದಿನವಾದರೂ ಹೆದರುತ್ತಲೇ ಇರುತ್ತದೆ. ಅಂದರೆ ಆ ಆನಂದದ ವಸ್ತು ಇದ್ದರೇ ಮರೆವು ಬರುವುದು. ನಿನ್ನ ಮಾತ್ರೆ ಆ ಸಂದುಗಳನ್ನು ತೆರೆಸಿದರೆ ನಿನಗೂ ಬೇಗ ಮರೆವು ಬರಲಿ ಅನ್ನುವುದೇ ನನ್ನ ಆಸೆ.

ಇಣಚಿ

ಜುಲೈ 13

ತಮ್ಮನಿಗೆ,

ನಿನ್ನ ಪತ್ರ ಬಂತು. ನಾನು ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ.

ಮಾತ್ರೆ ತಪ್ಪದೆ ನಡೆದಿದೆ. ಅಂಗಡಿಯಲ್ಲಿ ಕೆಲಸ ಜಾಸ್ತಿ. ಇನ್ನು ಪತ್ರ ತಡವಾದರೆ ಯೋಚಿಸಬೇಡ.

ಅಕ್ಕ

ಜುಲೈ 30

ಅಕ್ಕನಿಗೆ,

ಕೆಲಸ ಜಾಸ್ತಿ ಅಂತ ಬರೆದದ್ದು ಓದಿ ಸಂತೋಷವಾಯಿತು. ಕೆಲಸ ಇದ್ದರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ. ಮಾತ್ರೆಗೆ ಮೂರು ವಾರ ದಾಟಿ ಬಹಳವಾಯಿತು. ಟೀ ಈಗ ಸಿಹಿಯಾಗಿದೆಯೇ?

ಇದರ ಜೊತೆ ಒಂದು ಪೊಟ್ಟಣ ರಿಜಿಸ್ಟರ್ ಮಾಡಿದ್ದೇನೆ. ಗುಂಡುಸೂಜಿ ಹಿಡಿದುಕೊಳ್ಳುವ ಅಯಸ್ಕಾಂತದ ತಟ್ಟೆ. ನೆಲದ ಮೇಲೆ ಸೂಜಿ ಚೆಲ್ಲಿದಾಗ ಅದನ್ನು ಮೇಲೆ ಆಡಿಸಿದರೆ ಸಾಕು, ಎಲ್ಲ ಓಡಿ ಬಂದು ಅಂಟುತ್ತವೆ. ನೀನು ಒಂದೊಂದಾಗಿ ಹೆಕ್ಕುವುದು ಬೇಡ. ತಲುಪಿದ ಕೂಡಲೇ ಬರೆ.

ಇಣಚಿ

ಆಗಸ್ಟ್ 18

ಅಕ್ಕ,

ಪೊಟ್ಟಣ ನಿನ್ನೆ ನನಗೇ ವಾಪಸ್ ಬಂತು. ಅದರ ಮೇಲೆ ಪೋಸ್ಟ್‌ಮ್ಯಾನ್ ಮೂರು ತಾರೀಖು ಹಾಕಿ, ಮೂರರ ಕೆಳಗೂ ‘ಬಾಗಿಲು ಹಾಕಿದೆ’ ಅಂತ ಬರೆದಿದ್ದಾನೆ. ಮೂರರಲ್ಲಿ ಒಂದು ಸೋಮವಾರ, ನಿನ್ನ ಅಂಗಡಿಗೆ ವಾರದ ರಜೆ. ನೀನು ಒಳಗೇ ಇದ್ದೆ. ಅಂಗಡಿಗೆ ಫೋನ್ ಮಾಡಿದೆ. ‘ನಿಮ್ಮ ಅಕ್ಕ ಬರದೆ ಹದಿನೆಂಟು ದಿನ ಆಯ್ತಲ್ಲ, ನಿಮ್ಮ ಮನೆಗೆ ಬಂದಿದ್ದಾರೆ ಅಂದ್ಕೊಂಡಿದ್ದೆ’ ಅಂದರು ಯಜಮಾನರು.

ಹಳೆಯ ಕಾಗದಗಳನ್ನು ತೆಗೆದು ನೋಡಿದೆ. ನೀನು ಜುಲೈ ಹದಿಮೂರರಂದು ‘ಕ್ಷೇಮ’ ಅಂತ ಪೂರ್ತಿ ಬರೆದಿದ್ದೀಯ. ಅದಕ್ಕೆ ಮೊದಲು ‘ಬರೆದೆ ಅಂದುಕೋ’ ಅಂತ ತಮಾಷೆ ಮಾಡಿದ್ದು ಬಿಟ್ಟರೆ ಒಂದು ಸಲವೂ ಬರೆದಿರಲಿಲ್ಲ. ನಾನು ಓದಿ ಸಂತೋಷಪಟ್ಟೆ, ನನ್ನಂಥ ದಡ್ಡ ಇಲ್ಲ. ಅದರ ಹಿಂದಿನದು ನನ್ನ ಕಾಗದ. ಅದರಲ್ಲಿ ಏನು ಬರೆದೆ ಅಂತ ನೆನಪು ಮಾಡಿಕೊಂಡೆ. ಮರೆವು ಬರಲಿ ಅಂತ ಬರೆದೆ. ಕೈಗೆ ಅವರು ನೆನಪಿದ್ದಾರೆ ಅಂತ ನೀನು ಬರೆದದ್ದಕ್ಕೆ ನಾನು ಕೊಟ್ಟ ಉತ್ತರ ಅದು. ಮಾತ್ರೆ ಬಿಟ್ಟಿದ್ದೀಯ, ಅಲ್ಲವೇ?

ಅಕ್ಕ, ಪದ ತಪ್ಪಾಯಿತು. ಮೇಡಂ ಮರೆವು ಅನ್ನಲಿಲ್ಲ. ಅವರ ಇಂಗ್ಲಿಷ್ ಪದಕ್ಕೆ ನನಗೆ ತೋಚಿದ್ದನ್ನು ನಾನು ಬರೆದೆ. ಈ ದಿನ ಹೋಗಿ ಕೇಳಿದೆ. ಕಿವಿ ಕೆರೆದುಕೊಳ್ಳುತ್ತ ಕೂತ ಆ ಇಲಿಯನ್ನು ಮೊದಲು ಶಾಕ್ ತಿಂದ ಪಂಜರಕ್ಕೇ ಹಾಕಿ ಗಂಟೆ ಬಾರಿಸಿದರೆ, ಮತ್ತೆ ಕಲ್ಲಾಗುತ್ತದಂತೆ. ಅಂದರೆ ಏನೂ ಅಳಿಸಿಹೋಗಿಲ್ಲ. ಗಂಟೆ ನೆನಪಿದೆ, ನೋವೂ ನೆನಪಿದೆ. ಅದರ ಪಕ್ಕದಲ್ಲಿ ಇನ್ನೊಂದು ಪಾಠ ಕಲಿತಿದೆ, ಗಂಟೆ ಬಾರಿಸಿದಾಗಲೆಲ್ಲ ನೋವು ಬರುವುದಿಲ್ಲ ಅಂತ. ನಿನ್ನ ಮಾತಿನಲ್ಲಿ ಹೇಳುವುದಾದರೆ ಹಳೆಯ ಹೊಲಿಗೆ ಬಿಚ್ಚುವುದಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಹೊಲಿಗೆ ಹಾಕುವುದು. ಮಾತ್ರೆ ಭಾವನನ್ನು ತೆಗೆದುಕೊಂಡು ಹೋಗುವುದಿಲ್ಲ ಅಕ್ಕ. ಆಣೆ.

ಇನ್ನೊಂದು. ಮಾರ್ಚಿನಲ್ಲಿ ರಜೆ ಸಿಗಲಿಲ್ಲ ಅಂದೆ. ನಾನು ರಜೆಯಲ್ಲೇ ಇದ್ದೆ. ಫೆಬ್ರವರಿಯಿಂದ. ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಲು ನೆಲದ ಮೇಲೆ ಕೂತವನಿಗೆ ಏಳಲಾಗಲಿಲ್ಲ. ಕಾರಣ ಕೇಳಬೇಡ, ನನಗೂ ಗೊತ್ತಿಲ್ಲ. ಮೂರನೇ ದಿನ ಮೇಡಂ ಬಂದು ಬಾಗಿಲು ತೆಗೆಸಿ ಆಸ್ಪತ್ರೆಗೆ ಸೇರಿಸಿದರು. ನಿನ್ನ ಸುದ್ದಿ ಬಂದಾಗ ವಾರ್ಡಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಎದ್ದು ಬರಬೇಕು ಅಂತ ಗೊತ್ತಿತ್ತು. ಕಾಲು ಕೇಳಲಿಲ್ಲ. ಗಂಡನನ್ನು ಕಳೆದುಕೊಂಡವಳಿಗೆ, ‘ನನಗೆ ಏನೂ ಆಗಿಲ್ಲ, ಆದರೆ ಏಳಲಾಗುತ್ತಿಲ್ಲ’ ಅಂತ ಹೇಗೆ ಹೇಳಲಿ? ಇಲಿಗಳ ಮೇಲೆ ಹಾಕಿದೆ. ಬಾಯಿ ಒಣಗುವುದು, ತಲೆಯ ಹತ್ತಿ, ಯಾವ ಇಲಿಯೂ ಹೇಳಲಿಲ್ಲ. ನನ್ನದೂ ಅದೇ ಮಾತ್ರೆ.

ಈ ಕಾಗದವನ್ನು ನೀನು ಬಾಗಿಲ ಸಂದಿನಿಂದ ಎತ್ತಿಕೊಂಡರೆ, ಉದ್ದಕ್ಕೆ ಬರೆಯಬೇಡ. ತಲುಪಿತು ಅಂತ ಒಂದು ಪದ ಬರೆ. ಒಂಬತ್ತು ದಿನ ಕಾಯುತ್ತೇನೆ. ಬರದಿದ್ದರೆ ಪೊಲೀಸರನ್ನು ಕರೆದುಕೊಂಡು ಬರುತ್ತೇನೆ, ನೀನು ಬೈದರೂ ಸರಿ.

ಇಣಚಿ

ಆಗಸ್ಟ್ 25

ತಲುಪಿತು.

ಸೆಪ್ಟೆಂಬರ್ 3

ಅಕ್ಕ,

ನಿನ್ನ ಒಂದು ಪದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಪಂಜರ ತೊಳೆದೆ. ನಾನೂ ಏನೂ ಕೇಳುವುದಿಲ್ಲ. ಇವತ್ತು ಪಟ್ಟಿಯಲ್ಲಿ ಒದ್ದೆ ಹಾಸು ಇರಲಿಲ್ಲ, ಎಲ್ಲಕ್ಕೂ ಒಣ ಹೊಟ್ಟು ಹಾಕುವ ದಿನ. ಅಷ್ಟೇ ಸುದ್ದಿ.

ಪೊಟ್ಟಣವನ್ನು ಮತ್ತೆ ಕಳಿಸುವುದಿಲ್ಲ. ನಾನೇ ತರಬೇಕೆಂದಿದ್ದೇನೆ. ಯಾವಾಗ ಅಂತ ನೀನು ಹೇಳಿದಾಗ.

ಇಣಚಿ

ಅಕ್ಟೋಬರ್ 7

ಇಣಚಿ,

ಇದು ಡೈರಿಯ ಹಾಳೆಯಲ್ಲ, ಅಂಗಡಿಯಿಂದ ತಂದ ಬಿಳಿ ಹಾಳೆ. ಡೈರಿಯಲ್ಲಿ ಇನ್ನೂ ಬೇಕಾದಷ್ಟು ಖಾಲಿ ಇದೆ. ಆದರೆ ಹರಿದು ಹರಿದು ಅದರ ಹೊಲಿಗೆ ಸಡಿಲವಾಗಿತ್ತು, ಅವರು ಬರೆದ ಹಾಳೆಗಳೂ ಅಲುಗಾಡತೊಡಗಿದ್ದವು. ದಪ್ಪ ದಾರದಲ್ಲಿ ಬೆನ್ನು ಹೊಲಿದು ಎತ್ತಿಟ್ಟೆ.

ನೀನು ಕೇಳಿದ್ದು ನಿಜ. ನಿನ್ನ ಮರೆವಿನ ಕಾಗದ ಬಂದ ದಿನವೇ ಮಾತ್ರೆಯನ್ನು ಸಿಂಕಿಗೆ ಹಾಕಿ ನಲ್ಲಿ ಬಿಟ್ಟೆ. ತಲೆ ಸುತ್ತಿತು, ಕೈಕಾಲಲ್ಲಿ ಜುಮ್ಮೆಂದಿತು. ಅದೂ ಸೇರಲಿ ಅಂತ ಬಿಟ್ಟೆ. ದುಃಖ ಹೋದರೆ ಅವರೂ ಹೋಗುತ್ತಾರೆ, ಅವರದ್ದು ಅಂತ ಉಳಿದಿರುವುದು ಅದೊಂದೇ ಅನ್ನಿಸಿತ್ತು. ಟೀಚರ್ ತಟ್ಟಿದರೂ ತೆಗೆಯುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ತಟ್ಟಿದಾಗ ಗೋಡೆಗೆ ಒರಗಿ ಉಸಿರು ಹಿಡಿದು ನಿಂತಿದ್ದೆ, ಅದೂ ನಿಜ. ಆ ದಿನಗಳಲ್ಲಿ ಏನೇನು ಯೋಚನೆ ಬಂತು ಅಂತ ಕಾಗದದಲ್ಲಿ ಬರೆಯುವುದಿಲ್ಲ. ಡಾಕ್ಟರಿಗೆ ಹೇಳಿದ್ದೇನೆ.

ನಿನ್ನ ಕಾಗದವನ್ನು ನಾಲ್ಕು ದಿನ ತೆರೆದಿರಲಿಲ್ಲ. ತೆರೆದ ಮೇಲೆ ‘ರಜೆಯಲ್ಲೇ ಇದ್ದೆ’ ಅನ್ನುವಲ್ಲಿ ಮುಂದೆ ಹೋಗಲಾಗಲಿಲ್ಲ. ನಾನು ಇಲ್ಲಿ, ಬರಲಿಲ್ಲ ಬರಲಿಲ್ಲ ಅಂತ ನಿನ್ನನ್ನು ಮನಸ್ಸಿನಲ್ಲಿ ಬೈಯುತ್ತಿದ್ದಾಗ ನೀನು ಅಲ್ಲಿ ಗೋಡೆ ನೋಡುತ್ತಿದ್ದೆ. ಏಳಲಾಗುತ್ತಿಲ್ಲ ಅಂತ ಹೇಳಲು ಯಾರಾದರೂ ಸಾಯಬೇಕೇನೋ ಪೆದ್ದಾ? ನಾನು ಅಕ್ಕ ಕಣೋ.

ನಿನಗೆ ಒಂದು ಪದ ಬರೆದು, ಅಂಚೆಗೆ ಹಾಕಲು ಇಳಿಯುವಾಗ ಟೀಚರ್ ಎದುರಾದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಬನ್ನಿ ಡಾಕ್ಟರ ಹತ್ರ” ಅಂದರು. “ನಾಳೆ” ಅಂದೆ. “ನನ್ನ ಮಕ್ಕಳು ಹೋಂವರ್ಕ್ ಬಗ್ಗೆ ಇದನ್ನೇ ಹೇಳೋದು. ನಡೀರಿ” ಅಂದರು. ಡಾಕ್ಟರು ಬೈಯಲಿಲ್ಲ. ಮತ್ತೆ ಕಡಿಮೆಯಿಂದ ಶುರು ಮಾಡಿದರು. ವಾರಕ್ಕೊಂದು ಸಲ ಬಂದು ಕೂತು ಮಾತಾಡಿ ಅಂದರು. ಹೋಗುತ್ತಿದ್ದೇನೆ.

ಬೆಲ್ಲಿನ ತಂತಿಯನ್ನು ನಾನೇ ಹಾಕಿದೆ. ಅವರು ಮಾಡುತ್ತಿದ್ದುದನ್ನು ಎಷ್ಟು ಸಲ ನೋಡಿಲ್ಲ. ಟೀಚರಿಗೆ ನಿನ್ನ ಸುಂಡಿಲಿಯ ಕಥೆ ಹೇಳಿದೆ. ಕೂಡಲೇ ಪೆನ್ನು ತೆಗೆದು ಬಾಗಿಲ ಚೌಕಟ್ಟಿನ ಮೇಲೆ ದಿನಕ್ಕೊಂದರಂತೆ ಚೌಕದ ಮನೆ ಹಾಕಿದರು, ಹಾಜರಿ ಪುಸ್ತಕದ ಹಾಗೆ. ದಿನಾ ಸಂಜೆ ಶಾಲೆಯಿಂದ ಬಂದು ಒಂದೇ ಸಲ ಬೆಲ್ ಒತ್ತುತ್ತಾರೆ. ಮೊದಲ ದಿನ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತೆ. ಅವರು ಹೊರಗಿನಿಂದಲೇ, “ನಾನು ಕಣ್ರೀ! ಟೋಪಿಯಿಲ್ಲ, ಛತ್ರಿ ಇದೆ!” ಅಂತ ಕೂಗಿದರು. ಆರನೇ ದಿನ ತೆಗೆದೆ. ನಿನ್ನೆ ಹತ್ತೊಂಬತ್ತನೆಯ ದಿನ. ಬೆಲ್ ಆದಾಗ ಸೂಜಿಗೆ ದಾರ ಪೋಣಿಸುತ್ತಿದ್ದೆ. ಪೋಣಿಸಿ ಮುಗಿಸಿ ಎದ್ದೆ. “ಕಿವಿ ಕೆರ್ಕೊಂಡ್ರಾ?” ಅಂತ ಕೇಳಿದರು. ಆದರೆ ಅವರು ಒತ್ತುವುದು ಚಿಕ್ಕದಾಗಿ, ಹೆದರುತ್ತ. ಉದ್ದಕ್ಕೆ ಒತ್ತಿ ಅಂದರೆ ಅವರಿಗೇ ಧೈರ್ಯ ಸಾಲದು.

ಟೀ ಇನ್ನೂ ಪೂರ್ತಿ ಸಿಹಿಯಾಗಿಲ್ಲ. ಹಾಕಿದ್ದೀನೋ ಇಲ್ಲವೋ ಅಂತ ಮಾತ್ರ ಗೊತ್ತಾಗುತ್ತದೆ. ಪ್ಯಾಂಟು ಕತ್ತರಿಸುವಾಗ ಕೈ ಈಗಲೂ ಅವರ ಅಳತೆಗೇ ಹೋಗುತ್ತದೆ. ಅಲ್ಲಿಗೆ ಹೋಗಲು ಬಿಟ್ಟು, ಆಮೇಲೆ ಚೀಟಿ ನೋಡುತ್ತೇನೆ.

ಕ್ಷೇಮ ಅಂತ ಬರೆಯುವುದಿಲ್ಲ. ಬಂದು ನೋಡು. ನಿನ್ನ ಮಾತ್ರೆ ತರಲು ಮರೆಯಬೇಡ, ನನ್ನದರಿಂದ ಸಾಲ ಕೊಡುವುದಿಲ್ಲ. ಮೆಟ್ಟಿಲು ಹತ್ತಬೇಡ. ಲಿಫ್ಟ್ ಚೆನ್ನಾಗಿದೆ, ಅವರು ನೋಡಿ ಹೋದದ್ದು.

ಬಾಗಿಲು ತಟ್ಟಬೇಡ. ಬೆಲ್ ಒತ್ತು. ಎರಡು ಸಲ ಬೇಡ, ಅದು ಅವರದು. ಒಂದೇ ಸಲ, ಉದ್ದಕ್ಕೆ. ನಾನು ಬಂದು ಬಾಗಿಲು ತೆಗೆಯುವವರೆಗೆ ಬೆರಳು ತೆಗೆಯಬೇಡ.

ಅಕ್ಕ